ಒಂದೇ ಹೆದ್ದಾರಿ, ಎರಡು ಗಾಳಿ

ಚಿಕಾಗೋ ಸುತ್ತಮುತ್ತ ಮನೆ ಹುಡುಕುವ ಕನ್ನಡಿಗರು ಮೊದಲು ವಿಚಾರಿಸುವುದು ಶಾಲೆಯ ದರ್ಜೆಯನ್ನು. ಆಮೇಲೆ ಕಚೇರಿ ಎಷ್ಟು ದೂರ, ಭಾರತೀಯ ದಿನಸಿ ಅಂಗಡಿ ಎಲ್ಲಿದೆ, ಲೆಮಾಂಟಿನ ದೇವಸ್ಥಾನಕ್ಕೆ ಎಷ್ಟು ಹೊತ್ತಿನ ದಾರಿ ಎಂಬ ಪ್ರಶ್ನೆಗಳು ಬರುತ್ತವೆ. ಇಪ್ಪತ್ತೈದು ವರ್ಷಗಳಿಂದ ಇಲ್ಲಿ ಶ್ವಾಸಕೋಶದ ರೋಗಿಗಳನ್ನು ನೋಡುತ್ತಿರುವ ನನ್ನನ್ನು ‘ಆ ಬಡಾವಣೆಯ ಗಾಳಿ ಹೇಗಿದೆ?’ ಎಂದು ಕೇಳಿದವರು ಬೆರಳೆಣಿಕೆಯಷ್ಟು ಮಂದಿಯೂ ಇಲ್ಲ. ಅಮೆರಿಕ ಎಂದರೆ ಶುಭ್ರ ಗಾಳಿ, ನೀಲಿ ಆಕಾಶ ಎಂಬ ನಂಬಿಕೆಯನ್ನು ಹೊತ್ತುಕೊಂಡೇ ನಾವು ವಿಮಾನ ಹತ್ತಿರುತ್ತೇವೆ. ಸರಾಸರಿಯ ಲೆಕ್ಕದಲ್ಲಿ ಅದು ಸುಳ್ಳೂ ಅಲ್ಲ. ಆದರೆ ಮನುಷ್ಯ ಉಸಿರಾಡುವುದು ತಾನಿರುವ ಬೀದಿಯ ಗಾಳಿಯನ್ನು.

ನಗರದ ನಡುವಿನಿಂದ ನೈಋತ್ಯ ದಿಕ್ಕಿಗೆ ಐ-55 ಎಂಬ ಹೆದ್ದಾರಿ ಹೊರಡುತ್ತದೆ. ದೇವಸ್ಥಾನಕ್ಕೆ ಹೋಗುವ ನಮ್ಮವರಲ್ಲಿ ಅನೇಕರಿಗೆ ಅದು ವಾರಾಂತ್ಯದ ಪರಿಚಿತ ದಾರಿ. ಹೊರಟ ಸ್ವಲ್ಪ ಹೊತ್ತಿಗೆ ಬಲಗಡೆ ಲಿಟಲ್ ವಿಲೇಜ್ ಎಂಬ ಬಡಾವಣೆ ಸಿಗುತ್ತದೆ. ಮೆಕ್ಸಿಕೋ ಮೂಲದ ದುಡಿಯುವ ಜನರ ನೆಲೆ ಅದು. ಇನ್ನಷ್ಟು ಮುಂದೆ, ಲೆಮಾಂಟ್ ತಿರುವಿಗೆ ತುಸು ಮೊದಲು, ವಿಲ್ಲೋಬ್ರೂಕ್ ಎಂಬ ಅನುಕೂಲಸ್ಥರ ಉಪನಗರ ಬರುತ್ತದೆ. ಈ ಎರಡೂ ಊರುಗಳ ಜನ ತಮ್ಮ ಗಾಳಿಗಾಗಿ ಸಂಘಟಿತರಾಗಿ ಹೋರಾಡಿದರು, ಇಬ್ಬರೂ ಗೆದ್ದರು. ಒಬ್ಬರಿಗೆ ಹಿಡಿದ ಕಾಲ ಹತ್ತು ವರ್ಷಕ್ಕೂ ಹೆಚ್ಚು. ಇನ್ನೊಬ್ಬರಿಗೆ ಸುಮಾರು ಆರು ತಿಂಗಳು. ‘ಹವಾಮಾನ ನ್ಯಾಯ’ ಎಂಬ ಪದ ಇಂದು ವಿಶ್ವಸಂಸ್ಥೆಯ ಸಭೆಗಳಿಂದ ಹಿಡಿದು ವಿದ್ಯಾರ್ಥಿಗಳ ಘೋಷಣೆಗಳವರೆಗೆ ಎಲ್ಲೆಡೆ ಕೇಳಿಬರುತ್ತಿದೆ. ನನಗೆ ಅದರ ಅರ್ಥ ಹೊಳೆದದ್ದು ಈ ಎರಡು ಅವಧಿಗಳ ಅಂತರದಲ್ಲಿ.

ಲಿಟಲ್ ವಿಲೇಜ್‌ನ ಅಂಚಿನಲ್ಲಿ ಕ್ರಾಫರ್ಡ್ ಎಂಬ ಕಲ್ಲಿದ್ದಲು ವಿದ್ಯುತ್ ಸ್ಥಾವರವಿತ್ತು. ಪಕ್ಕದ ಪಿಲ್ಸೆನ್‌ನಲ್ಲಿ ಫಿಸ್ಕ್ ಎಂಬ ಇನ್ನೊಂದು. ಫಿಸ್ಕ್ ಆರಂಭವಾದದ್ದು 1903ರಲ್ಲಿ, ಕ್ರಾಫರ್ಡ್ 1924ರಲ್ಲಿ. 1970ರ ದಶಕದಲ್ಲಿ ಅಮೆರಿಕದ ವಾಯುಶುದ್ಧಿ ಕಾನೂನು ಬಿಗಿಯಾದಾಗ, ಹೊಸ ಸ್ಥಾವರಗಳಿಗೆ ವಿಧಿಸಿದ ಕಠಿಣ ಮಾನದಂಡಗಳಿಂದ ಹಳೆಯವುಗಳಿಗೆ ವಿನಾಯಿತಿ ದೊರೆಯಿತು. ಹೇಗೂ ಕೆಲವು ವರ್ಷಗಳಲ್ಲಿ ಅವು ಮುಚ್ಚಿಹೋಗುತ್ತವೆ ಎಂಬುದು ಆಗಿನ ಎಣಿಕೆ. ವಿನಾಯಿತಿಯೇ ಲಾಭದಾಯಕವಾದ ಮೇಲೆ ಮುಚ್ಚುವವರು ಯಾರು? ಸ್ಥಾವರಗಳು ಕೈ ಬದಲಾದವು, ಅವುಗಳ ವಿದ್ಯುತ್ತು ಸಗಟು ಮಾರುಕಟ್ಟೆಗೆ ಹೋಯಿತು, ಮಸಿ ಮಾತ್ರ ಎದುರಿನ ಬೀದಿಗಳಲ್ಲೇ ಉಳಿಯಿತು. ಹಾರ್ವರ್ಡ್ ಸಾರ್ವಜನಿಕ ಆರೋಗ್ಯ ಶಾಲೆಯ ಸಂಶೋಧಕರು ಈ ಎರಡು ಸ್ಥಾವರಗಳ ಹೊಗೆಯಿಂದ ವರ್ಷಕ್ಕೆ 41 ಅಕಾಲ ಮರಣಗಳು, 550 ತುರ್ತು ಚಿಕಿತ್ಸಾ ಭೇಟಿಗಳು, 2,800 ಉಬ್ಬಸದ ದಾಳಿಗಳು ಸಂಭವಿಸುತ್ತವೆ ಎಂದು ಅಂದಾಜು ಮಾಡಿದರು. ಇವು ಗಣಿತ ಮಾದರಿಯ ಅಂದಾಜುಗಳು. ಯಾವ ಮಗುವಿನ ಯಾವ ಉಬ್ಬಸಕ್ಕೆ ಯಾವ ಕೊಳವೆ ಕಾರಣ ಎಂದು ಯಾವ ವೈದ್ಯನೂ ಬೆರಳು ತೋರಿಸಿ ಹೇಳಲಾರ. ಈ ಅನಿಶ್ಚಿತತೆಯೇ ಕಂಪನಿಗಳಿಗೆ ಎಂದಿನಿಂದಲೂ ಸಿಕ್ಕಿರುವ ಬಲವಾದ ಗುರಾಣಿ.

ಅಲ್ಲಿನ ಸಂಘಟನೆ ಹುಟ್ಟಿದ್ದು ಹವಾಮಾನದ ಹೆಸರಿನಲ್ಲಿ ಅಲ್ಲವೇ ಅಲ್ಲ. 1994ರಲ್ಲಿ ಒಂದು ಪ್ರಾಥಮಿಕ ಶಾಲೆಯ ದುರಸ್ತಿ ನಡೆಯುತ್ತಿದ್ದಾಗ, ಮಕ್ಕಳು ತರಗತಿಯಲ್ಲಿರುವಾಗಲೇ ಕೆಲಸ ಸಾಗುತ್ತಿದೆಯಲ್ಲ, ಈ ಧೂಳು ಅವರ ಎದೆಗೆ ಹೋಗುವುದಿಲ್ಲವೇ ಎಂದು ಕೆಲವು ತಂದೆತಾಯಂದಿರು ಪ್ರಶ್ನಿಸಿದರು. ‘ಲಿಟಲ್ ವಿಲೇಜ್ ಪರಿಸರ ನ್ಯಾಯ ಸಂಘಟನೆ’ಯ ಬೇರು ಅದು. ಮುಂದೆ ಅದರ ಮುಂದಾಳಾದ ಕಿಂಬರ್ಲಿ ವಾಸರ್‌ಮನ್ ಅವರನ್ನು ಈ ಕೆಲಸಕ್ಕೆ ಎಳೆದು ತಂದದ್ದು ತಮ್ಮ ಎಳೆಗೂಸಿಗೆ ಬಂದ ಉಬ್ಬಸ. ಅವರು ಮನೆಮನೆಯ ಬಾಗಿಲು ತಟ್ಟಿ ಸ್ಪ್ಯಾನಿಷ್‌ನಲ್ಲಿ ಮಾತನಾಡಿದರು. ಜನರ ಬಾಯಿಂದ ಬಂದದ್ದು ಮಕ್ಕಳ ಇನ್‌ಹೇಲರ್‌ಗಳ ಮಾತು, ಬಸ್ಸಿಲ್ಲದ 31ನೇ ಬೀದಿಯ ಮಾತು, ಮಕ್ಕಳಿಗೆ ಆಡಲು ಜಾಗವಿಲ್ಲವೆಂಬ ಮಾತು. ಸಂಘಟನೆ ಬಸ್ಸಿಗಾಗಿಯೂ ಹೋರಾಡಿತು, ಉದ್ಯಾನಕ್ಕಾಗಿಯೂ ಹೋರಾಡಿತು. ಹಿಂದೆ ಡಾಂಬರು ಉತ್ಪನ್ನಗಳ ಕಾರ್ಖಾನೆ ಇದ್ದು ವಿಷಮಯವಾಗಿದ್ದ ನೆಲವನ್ನು ಶುದ್ಧಗೊಳಿಸಿ, 21 ಎಕರೆಗೂ ಮಿಗಿಲಾದ ‘ಲಾ ವಿಲ್ಲಿಟಾ’ ಉದ್ಯಾನವನ್ನು 2014ರ ಡಿಸೆಂಬರ್‌ನಲ್ಲಿ ತೆರೆಯಲಾಯಿತು. ಹೊರಗಿನವರನ್ನು ಕರೆದುಕೊಂಡು ಹೋಗಿ ಕಾರ್ಖಾನೆಗಳನ್ನೂ ಕಲುಷಿತ ನೆಲಗಳನ್ನೂ ತೋರಿಸುವ ‘ವಿಷ ಪ್ರವಾಸ’ಗಳನ್ನೂ ಅವರು ನಡೆಸಿದರು. ಬೇರುಮಟ್ಟದ ಸಂಘಟನೆ ಎಂದು ನಾವು ಕರೆಯುವುದರಲ್ಲಿ ಮುಕ್ಕಾಲು ಪಾಲು ಇಂಥ ಬೇಸರ ಹುಟ್ಟಿಸುವ ಕೆಲಸವೇ.

ಕಲ್ಲಿದ್ದಲು ಸ್ಥಾವರಗಳನ್ನು ನಿಯಂತ್ರಿಸುವ ಮಸೂದೆ 2010ರಲ್ಲಿ ನಗರ ಪರಿಷತ್ತಿನ ಮುಂದೆ ಬಂದು ನೆನೆಗುದಿಗೆ ಬಿತ್ತು. ಮರುವರ್ಷ ಮೇಯರ್ ಬದಲಾದರು, ಒತ್ತಡ ಹೆಚ್ಚಿತು. 2012ರ ಫೆಬ್ರವರಿಯಲ್ಲಿ ಕಂಪನಿ ಒಪ್ಪಿತು. ಆಗಸ್ಟ್ ಮುಗಿಯುವ ಹೊತ್ತಿಗೆ ಎರಡೂ ಸ್ಥಾವರಗಳು ನಿಂತವು. 2013ರಲ್ಲಿ ವಾಸರ್‌ಮನ್ ಅವರಿಗೆ ಗೋಲ್ಡ್‌ಮನ್ ಪರಿಸರ ಪ್ರಶಸ್ತಿ ಬಂತು. ಈ ಗೆಲುವು ಪೂರ್ತಿಯಾಗಿ ಚಳವಳಿಯದೇ ಎಂದು ಬರೆಯುವುದು ಓದಲು ಚೆನ್ನ, ಆದರೆ ಸರಿಯಲ್ಲ. ಆ ವರ್ಷಗಳಲ್ಲಿ ನೈಸರ್ಗಿಕ ಅನಿಲದ ಬೆಲೆ ಕುಸಿದಿತ್ತು. ಹಳೆಯ ಸ್ಥಾವರಕ್ಕೆ ಹೊಸ ಶುದ್ಧೀಕರಣ ಯಂತ್ರ ಜೋಡಿಸುವ ಖರ್ಚು ಲಾಭವನ್ನು ಮೀರುತ್ತಿತ್ತು. ಆದರೂ ಕೇವಲ ಮಾರುಕಟ್ಟೆಗೆ ಬಿಟ್ಟಿದ್ದರೆ ಇನ್ನೆಷ್ಟು ವರ್ಷ ಎಳೆಯುತ್ತಿತ್ತೋ! ಕಲ್ಲಿದ್ದಲಿನ ಅಂತ್ಯ ಹೇಗೂ ಬರುವಂತಿತ್ತು. ಅದು ಬೇಗ ಬರುವಂತೆ ಮಾಡಿದವರು ಆ ತಾಯಂದಿರು. ಅದೇ ಕೊಳವೆಯಿಂದ ಮಸಿಯೊಂದಿಗೆ ಇಂಗಾಲದ ಡೈಆಕ್ಸೈಡ್ ಕೂಡ ಹೊರಬೀಳುತ್ತಿತ್ತೆಂಬುದನ್ನು ನೆನೆದರೆ, ಒಂದು ಬಡಾವಣೆಯ ಜಗಳವೂ ಭೂಮಿಯ ಬಿಸಿಯ ಪ್ರಶ್ನೆಯೂ ಬೇರೆ ಬೇರೆ ಎನ್ನಲಾಗದು.

ಈಗ ವಿಲ್ಲೋಬ್ರೂಕ್. ಅಲ್ಲಿ 1984ರಿಂದ ವೈದ್ಯಕೀಯ ಸಲಕರಣೆಗಳನ್ನು ಎಥಿಲೀನ್ ಆಕ್ಸೈಡ್ ಎಂಬ ಅನಿಲದಿಂದ ಕ್ರಿಮಿಮುಕ್ತಗೊಳಿಸುವ ಘಟಕವಿತ್ತು. ಈ ದೇಶದ ವೈದ್ಯಕೀಯ ಸಲಕರಣೆಗಳಲ್ಲಿ ಸುಮಾರು ಅರ್ಧದಷ್ಟು ಈ ಅನಿಲದಿಂದಲೇ ಶುದ್ಧವಾಗುತ್ತವೆ. ನಾನು ದಿನವೂ ಬಿಚ್ಚುವ ಪೊಟ್ಟಣಗಳಲ್ಲೂ ಎಷ್ಟೋ ಅದರಿಂದ ಶುದ್ಧವಾಗಿ ಬಂದವೇ ಇರಬೇಕು. ಅದು ಕ್ಯಾನ್ಸರ್‌ಕಾರಕವೆಂದು ಕೇಂದ್ರದ ಪರಿಸರ ಸಂರಕ್ಷಣಾ ಸಂಸ್ಥೆ 2016ರಲ್ಲಿ ನಿರ್ಧರಿಸಿತು. 2018ರ ಆಗಸ್ಟ್‌ನಲ್ಲಿ ವಿಲ್ಲೋಬ್ರೂಕ್‌ನ ಗಾಳಿಯ ಬಗೆಗೆ ಸರಕಾರಿ ವರದಿ ಹೊರಬಿದ್ದಾಗ ಊರಿಗೆ ಊರೇ ಎದ್ದು ನಿಂತಿತು. ವಕೀಲರು, ಎಂಜಿನಿಯರುಗಳು, ಶಿಕ್ಷಕಿಯರು, ವೈದ್ಯರು ಸೇರಿದರು. ಎರಡೂ ಪಕ್ಷಗಳ ಶಾಸಕರು ಸಭೆಗೆ ಬಂದರು. 2019ರ ಫೆಬ್ರವರಿ 15ರಂದು ರಾಜ್ಯ ಸರಕಾರ ಘಟಕಕ್ಕೆ ಬೀಗಮುದ್ರೆ ಹಾಕಿತು. ಸೆಪ್ಟೆಂಬರ್‌ನಲ್ಲಿ ಕಂಪನಿ ತಾನು ಮತ್ತೆ ತೆರೆಯುವುದಿಲ್ಲವೆಂದಿತು. ತನ್ನಿಂದ ಯಾರಿಗೂ ಕೆಡುಕಾಗಿಲ್ಲ ಎಂಬ ನಿಲುವನ್ನು ಕಂಪನಿ ಬಿಡಲಿಲ್ಲವಾದರೂ, 2022ರಲ್ಲಿ ನ್ಯಾಯದರ್ಶಿ ಮಂಡಳಿಯೊಂದು ಒಬ್ಬ ಮಹಿಳೆಗೆ 36.3 ಕೋಟಿ ಡಾಲರ್ ಪರಿಹಾರ ವಿಧಿಸಿತು. ಮರುವರ್ಷದ ಜನವರಿಯಲ್ಲಿ 870ಕ್ಕೂ ಹೆಚ್ಚು ದಾವೆಗಳನ್ನು 40.8 ಕೋಟಿ ಡಾಲರಿಗೆ ಇತ್ಯರ್ಥಪಡಿಸುವ ಒಪ್ಪಂದವಾಯಿತು.

ವಿಲ್ಲೋಬ್ರೂಕ್‌ನವರ ಬಗೆಗೆ ನನಗೆ ಕಹಿಯಿಲ್ಲ. ಅವರು ಮಾಡಿದ್ದು ಸರಿಯಾದ ಕೆಲಸ. ನಮ್ಮ ಜನ ನೆಲೆಸಿರುವ ಡುಪೇಜ್ ಕೌಂಟಿಗೆ ಅದರಿಂದ ಉಪಕಾರವೂ ಆಯಿತು. ಆದರೆ ಅದೇ ಅನಿಲ ಬಳಸುವ ಘಟಕಗಳು ಉತ್ತರದ ಲೇಕ್ ಕೌಂಟಿಯಲ್ಲೂ ಇದ್ದವು. ಅಲ್ಲಿನ ವಾಕೀಗನ್ ಲ್ಯಾಟಿನೊ ಜನ ಹೆಚ್ಚಾಗಿರುವ ಊರು. ಆ ಜನರಿಗೆ ಸುದ್ದಿ ತಲುಪಿದ್ದೂ ತಡವಾಗಿ, ಅಧಿಕಾರಿಗಳು ಎಚ್ಚೆತ್ತದ್ದೂ ತಡವಾಗಿ. ಎಲ್ಲ ಕಡೆಯೂ ಕಾನೂನು ಒಂದೇ, ಅರ್ಜಿಯ ನಮೂನೆ ಒಂದೇ. ಸಂಜೆ ಏಳಕ್ಕೆ ಸಾರ್ವಜನಿಕ ಸಭೆ ಎಂದರೆ ಎರಡನೇ ಪಾಳಿಯ ಕೆಲಸಕ್ಕೆ ಹೋಗುವವನು ಬರಲಾರ. ಭಾಷೆ ಬಾರದವಳಿಗೆ ಮೂರು ನಿಮಿಷದ ಮಾತಿನ ಅವಕಾಶ ದುಭಾಷಿಯ ಮೂಲಕ ಒಂದೂವರೆ ನಿಮಿಷವಾಗುತ್ತದೆ. ಅನ್ಯಾಯವೆಂಬುದು ಯಾವ ಕಾಯಿದೆಯ ಪುಸ್ತಕದಲ್ಲೂ ಬರೆದಿಲ್ಲ; ಅದು ಸಭೆಯ ವೇಳಾಪಟ್ಟಿಯಲ್ಲಿದೆ.

ಇಲ್ಲಿಯವರೆಗೆ ಹೇಳಿದ್ದು ಹೊಗೆಯ ಮಾತು. ವೈದ್ಯನಾಗಿ ನನ್ನನ್ನು ಹೆಚ್ಚು ಕಾಡುವುದು ಬಿಸಿಲು. 1995ರ ಜುಲೈ 13ರಂದು ಚಿಕಾಗೋದ ಮಿಡ್‌ವೇ ವಿಮಾನ ನಿಲ್ದಾಣದಲ್ಲಿ ಉಷ್ಣಾಂಶ 41 ಡಿಗ್ರಿ ಸೆಲ್ಸಿಯಸ್ ಮುಟ್ಟಿತು. ಒಂದು ವಾರದಲ್ಲಿ, ಸಾಮಾನ್ಯವಾಗಿ ಸಂಭವಿಸುವುದಕ್ಕಿಂತ 739 ಸಾವುಗಳು ಹೆಚ್ಚಾಗಿ ಸಂಭವಿಸಿದವು. ಶವಾಗಾರ ಸಾಲದೆ ಶೀತಲೀಕೃತ ಲಾರಿಗಳನ್ನು ತಂದು ನಿಲ್ಲಿಸಬೇಕಾಯಿತು. ನಾನು ಈ ಊರಿಗೆ ಬಂದದ್ದು ಅದಾದ ಕೆಲವು ವರ್ಷಗಳಿಗೆ. ಆಸ್ಪತ್ರೆಯ ಹಿರಿಯ ದಾದಿಯರು ಆ ವಾರದ ಪ್ರಸ್ತಾಪ ಬಂದರೆ ದನಿ ತಗ್ಗಿಸುತ್ತಿದ್ದರು.

ಇದನ್ನು ಹೇಳಿದಾಗಲೆಲ್ಲ ಊರಿನ ಬಂಧುಗಳು ನಗುತ್ತಾರೆ. ‘41 ಡಿಗ್ರಿಗೆ ಸಾಯೋದಾದ್ರೆ ನಮ್ಮ ಕಲಬುರಗಿಯಲ್ಲಿ ಯಾರೂ ಉಳೀಬಾರದಿತ್ತಲ್ಲ, ಡಾಕ್ಟ್ರೇ!’ ಅವರ ತರ್ಕ ತಪ್ಪಲ್ಲ, ಅಪೂರ್ಣ. ದೇಹವು ಬೇಸಿಗೆಗೆ ಒಗ್ಗಲು ಒಂದೆರಡು ವಾರ ಬೇಕು. ಇಲ್ಲಿ ಬಿಸಿ ಎರಡು ದಿನಗಳಲ್ಲಿ ಏರಿಬಿಡುತ್ತದೆ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಬೆವರು ಆರುವುದಿಲ್ಲ, ಬೆವರು ಆರದೆ ದೇಹ ತಣಿಯುವುದಿಲ್ಲ. ಇಲ್ಲಿನ ಹಳೆಯ ಇಟ್ಟಿಗೆ ಕಟ್ಟಡಗಳು ಚಳಿಯನ್ನು ತಡೆಯಲೆಂದು ಕಟ್ಟಿದವು. ಹಗಲಿನ ಕಾವನ್ನು ಅವು ರಾತ್ರಿಯಿಡೀ ಹಿಡಿದಿಟ್ಟುಕೊಳ್ಳುತ್ತವೆ. ಮೇಲಿನ ಮಹಡಿಯಲ್ಲಿ ಒಂಟಿಯಾಗಿರುವ ವೃದ್ಧ, ಕಳ್ಳರ ಭಯದಿಂದ ಮುಚ್ಚಿದ ಕಿಟಕಿ, ಹವಾನಿಯಂತ್ರಕವಿಲ್ಲದ ಕೋಣೆ, ತಣಿಯದ ರಾತ್ರಿ ಇವೆಲ್ಲ ಸೇರಿದರೆ ಹೃದಯ ಮೂರನೆಯ ದಿನಕ್ಕೆ ಸೋಲುತ್ತದೆ. ಬೇಸಿಗೆಯಲ್ಲಿ ಮಕ್ಕಳ ಮನೆಗೆ ಬರುವ ಅಪ್ಪ-ಅಮ್ಮಂದಿರು, ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವವರಾದರೆ, ‘ನಮಗೆ ಬಿಸಿಲು ಹೊಸದಲ್ಲ’ ಎಂದು ಹವಾನಿಯಂತ್ರಕ ಆರಿಸಿ ಕುಳಿತುಕೊಳ್ಳಬಾರದು.

ಸಮಾಜಶಾಸ್ತ್ರಜ್ಞ ಎರಿಕ್ ಕ್ಲೈನೆನ್‌ಬರ್ಗ್ ಆ ಸಾವುಗಳ ನಕ್ಷೆಯನ್ನು ಬಿಡಿಸಿ ನೋಡಿದಾಗ ಒಂದು ವಿಚಿತ್ರ ಕಂಡಿತು. ಅಕ್ಕಪಕ್ಕದಲ್ಲೇ ಇರುವ ಎರಡು ಬಡಾವಣೆಗಳು, ನಾರ್ತ್ ಲಾಂಡೇಲ್ ಮತ್ತು ಸೌತ್ ಲಾಂಡೇಲ್. ಎರಡೂ ಬಡವರವೇ, ಎರಡರಲ್ಲೂ ಒಂಟಿ ವೃದ್ಧರಿದ್ದರು. ಕಪ್ಪು ಜನರು ಹೆಚ್ಚಿದ್ದ ಮೊದಲನೆಯದರಲ್ಲಿ ಲಕ್ಷಕ್ಕೆ 40ರಂತೆ ಸತ್ತರು, ಎರಡನೆಯದರಲ್ಲಿ ಲಕ್ಷಕ್ಕೆ 4ಕ್ಕಿಂತ ಕಡಿಮೆ. ಈ ಸೌತ್ ಲಾಂಡೇಲ್‌ನ ಬಳಕೆಯ ಹೆಸರೇ ಲಿಟಲ್ ವಿಲೇಜ್. ಕಾರ್ಖಾನೆಗಳೂ ಅಂಗಡಿಗಳೂ ಬಿಟ್ಟುಹೋದ ಮೇಲೆ ನಾರ್ತ್ ಲಾಂಡೇಲ್‌ನಲ್ಲಿ ಉಳಿದದ್ದು ಪಾಳುಬಿದ್ದ ನಿವೇಶನಗಳು. ಮುದುಕರು ಹೊರಬರಲು ಹೆದರುತ್ತಿದ್ದರು. ಲಿಟಲ್ ವಿಲೇಜ್‌ನ 26ನೇ ಬೀದಿಯಾದರೋ ಬೆಳಗಿನಿಂದ ರಾತ್ರಿಯವರೆಗೆ ಗಿಜಿಗುಡುತ್ತಿತ್ತು. ಅಲ್ಲಿನ ಮುದುಕರು ತಂಪಾದ ಅಂಗಡಿಗೆ ಹೋಗಿ ನಿಂತರು, ಪರಿಚಿತರ ಕಣ್ಣಿಗೆ ಬಿದ್ದರು. ಈ ವಿವರಣೆಗೆ ತಕರಾರು ಎತ್ತಿದ ವಿದ್ವಾಂಸರಿದ್ದಾರೆ. ಒಂದೇ ಕಾರಣಕ್ಕೆ ಹತ್ತು ಪಟ್ಟು ವ್ಯತ್ಯಾಸವನ್ನು ಕಟ್ಟುವುದು ನನಗೂ ಸಂಶಯವೇ. ಆದರೂ ಮುಖ್ಯಾಂಶ ಉಳಿಯುತ್ತದೆ. ಕೊಳವೆಯ ಮಸಿ ಉಸಿರಾಡುತ್ತಿದ್ದ ಅದೇ ಬೀದಿ, ಬಿಸಿಲಿನಿಂದ ತನ್ನ ಹಿರಿಯರನ್ನು ಉಳಿಸಿಕೊಂಡಿತ್ತು.

ನಗರ ಆ ದುರಂತದಿಂದ ಕಲಿತದ್ದುಂಟು. ತಂಪು ಕೇಂದ್ರಗಳು ಬಂದವು, 311ಕ್ಕೆ ಕರೆ ಮಾಡಿದರೆ ಒಂಟಿ ವೃದ್ಧರನ್ನು ವಿಚಾರಿಸಿಕೊಳ್ಳುವ ಏರ್ಪಾಡಾಯಿತು. ಹಾಗಿದ್ದೂ 2022ರ ಮೇ ತಿಂಗಳಲ್ಲಿ ಹಿರಿಯರ ವಸತಿ ಕಟ್ಟಡವೊಂದರಲ್ಲಿ ಮೂವರು ಮಹಿಳೆಯರು ಸೆಕೆಯಿಂದ ಸತ್ತರು. ಬಳಿಕವೇ ಅಂಥ ಕಟ್ಟಡಗಳಲ್ಲಿ ತಂಪಿನ ವ್ಯವಸ್ಥೆ ಕಡ್ಡಾಯವಾಯಿತು.

ಕ್ರಾಫರ್ಡ್ ಮುಚ್ಚಿದ ಕತೆ ಅಲ್ಲಿಗೇ ಮುಗಿಯಲಿಲ್ಲ. 2020ರ ಏಪ್ರಿಲ್ 11ರಂದು, ಕೋವಿಡ್‌ನ ಮೊದಲ ಅಲೆಯ ನಡುವೆ, ಅದರ ಹಳೆಯ ಹೊಗೆಕೊಳವೆಯನ್ನು ಸ್ಫೋಟಿಸಿ ಉರುಳಿಸಿದರು. ಧೂಳಿನ ಮೋಡ ಮನೆಗಳ ಮೇಲೆ ಕವಿಯಿತು. ಉಸಿರಾಟದ ರೋಗಕ್ಕೆ ಹೆದರಿ ಜನ ಮನೆಯೊಳಗೆ ಕುಳಿತಿದ್ದ ದಿನಗಳವು. ಆ ಜಾಗದಲ್ಲೀಗ ಬೃಹತ್ ಗೋದಾಮು ಎದ್ದಿದೆ. ಕಲ್ಲಿದ್ದಲಿನ ಬದಲು ಡೀಸೆಲ್ ಟ್ರಕ್ಕುಗಳು ಬಂದಿವೆ. ಸಂಘಟನೆ ಈಗ ಟ್ರಕ್ಕುಗಳನ್ನು ಎಣಿಸುವ ಕೆಲಸಕ್ಕೂ ಇಳಿದಿದೆ.

ಎಣಿಸುವುದೇಕೆಂದರೆ, ಪ್ರತಿ ಕಾರ್ಖಾನೆಯ ಅರ್ಜಿಯನ್ನೂ ಸರಕಾರ ಬಿಡಿಬಿಡಿಯಾಗಿ ನೋಡುತ್ತದೆ. ಇದೊಂದರಿಂದ ಏನೂ ಆಗದು ಎಂದು ಅನುಮತಿ ಕೊಡುತ್ತದೆ. ಅಂಥ ಹತ್ತು ಸೇರಿದಾಗ ಎದೆಗೆ ಏನಾಗುತ್ತದೆಂದು ಕೇಳುವವರಿಲ್ಲ. ರೋಗಿಗೆ ಹತ್ತು ವೈದ್ಯರು ಹತ್ತು ಮಾತ್ರೆ ಬರೆದು, ಒಟ್ಟು ಪರಿಣಾಮವನ್ನು ಯಾರೂ ನೋಡದಂತೆ ಇದು. ನಗರದ ದಕ್ಷಿಣ ತುದಿಯ ಆಲ್ಟ್‌ಗೆಲ್ಡ್ ಗಾರ್ಡನ್ಸ್‌ನಲ್ಲಿ ವಾಸವಾಗಿದ್ದ ಹೇಝಲ್ ಜಾನ್ಸನ್ ಇದನ್ನು 1980ರ ದಶಕದಲ್ಲೇ ಕಂಡುಕೊಂಡಿದ್ದರು. ತಮ್ಮ ವಸತಿಯನ್ನು ಸುತ್ತುವರಿದ ಕಸದ ಗುಂಡಿಗಳನ್ನೂ ಕಾರ್ಖಾನೆಗಳನ್ನೂ ಆಕೆ ‘ವಿಷದ ಡೋನಟ್’ ಎಂದು ಕರೆದರು. ನಮ್ಮಲ್ಲಾದರೆ ಉದ್ದಿನವಡೆ ಎನ್ನುತ್ತಿದ್ದರೇನೋ, ನಡುವಿನ ತೂತಿನಲ್ಲಿ ಜನ. 1994ರ ಫೆಬ್ರವರಿಯಲ್ಲಿ ಅಧ್ಯಕ್ಷ ಕ್ಲಿಂಟನ್ ಪರಿಸರ ನ್ಯಾಯದ ಆದೇಶಕ್ಕೆ ಸಹಿ ಹಾಕಿದ್ದರ ಹಿಂದೆ ಅಂಥವರ ದುಡಿಮೆಯಿತ್ತು. 2021ರಲ್ಲಿ, ಶ್ರೀಮಂತ ಲಿಂಕನ್ ಪಾರ್ಕ್‌ನಿಂದ ಗುಜರಿ ಲೋಹದ ಘಟಕವೊಂದನ್ನು ನಗರದ ಆಗ್ನೇಯ ಭಾಗಕ್ಕೆ ಸಾಗಿಸುವ ಯೋಜನೆಯ ವಿರುದ್ಧ ಅಲ್ಲಿಯವರು ಒಂದು ತಿಂಗಳು ಉಪವಾಸ ಕುಳಿತರು. ಮರುವರ್ಷ ನಗರವು ಅನುಮತಿ ನಿರಾಕರಿಸಿತು, ವ್ಯಾಜ್ಯ ಕೋರ್ಟಿನಲ್ಲಿ ಮುಂದುವರಿಯಿತು. ನಗರದ ಯೋಜನಾ ಪದ್ಧತಿಯಲ್ಲೇ ಜನಾಂಗೀಯ ತಾರತಮ್ಯವಿದೆಯೆಂದು ಕೇಂದ್ರದ ವಸತಿ ಇಲಾಖೆ ಹೇಳಿತು, 2023ರಲ್ಲಿ ಒಪ್ಪಂದವಾಯಿತು. ಒಟ್ಟು ಹೊರೆಯನ್ನು ಅಳೆದ ಬಳಿಕವೇ ಹೊಸ ಕಾರ್ಖಾನೆಗೆ ಜಾಗ ಕೊಡಬೇಕೆನ್ನುವ, ಹೇಝಲ್ ಜಾನ್ಸನ್ ಹೆಸರನ್ನೇ ಹೊತ್ತ ಮಸೂದೆ 2025ರ ಏಪ್ರಿಲ್‌ನಲ್ಲಿ ನಗರ ಪರಿಷತ್ತಿನ ಮುಂದೆ ಬಂದದ್ದು ಆ ಒಪ್ಪಂದದ ಫಲ.

ಅದೇ ವರ್ಷ ವಾಷಿಂಗ್ಟನ್ನಿನ ಗಾಳಿ ವಿರುದ್ಧ ದಿಕ್ಕಿಗೆ ತಿರುಗಿತು. ಜನವರಿಯಲ್ಲಿ ಕ್ಲಿಂಟನ್ ಕಾಲದ ಆದೇಶ ರದ್ದಾಯಿತು. ಯಾವ ಬಡಾವಣೆಯಲ್ಲಿ ಎಷ್ಟು ಮಾಲಿನ್ಯ, ಎಷ್ಟು ಬಡತನ ಎಂದು ಒಟ್ಟಾಗಿ ತೋರಿಸುತ್ತಿದ್ದ ಸರಕಾರಿ ಅಂತರಜಾಲ ನಕ್ಷೆ ಫೆಬ್ರವರಿಯಲ್ಲಿ ಮಾಯವಾಯಿತು. ಮಾರ್ಚ್‌ನಲ್ಲಿ ಪರಿಸರ ನ್ಯಾಯದ ಕಚೇರಿಗಳನ್ನೇ ಮುಚ್ಚುವ ಪ್ರಕಟಣೆ ಬಂತು. ಉಳಿದಿರುವುದು ರಾಜ್ಯದ ಕಾನೂನು: ಖಾಸಗಿ ಕಲ್ಲಿದ್ದಲು ಸ್ಥಾವರಗಳು 2030ರೊಳಗೆ ಮುಚ್ಚಬೇಕೆನ್ನುವ, 2021ರ ಸೆಪ್ಟೆಂಬರ್‌ನಲ್ಲಿ ಇಲಿನಾಯ್ ರಾಜ್ಯ ಜಾರಿಗೆ ತಂದ ಕಾಯಿದೆ.

ಕಳೆದ ಬೇಸಿಗೆಯಲ್ಲಿ ದಾವಣಗೆರೆಯಿಂದ ಪರಿಚಿತರೊಬ್ಬರು ಫೋನ್ ಮಾಡಿದ್ದರು. ಮಗನಿಗೆ ಇಲಿನಾಯ್ ವಿಶ್ವವಿದ್ಯಾಲಯದ ಚಿಕಾಗೋ ಶಾಖೆಯಲ್ಲಿ ಸೀಟು ಸಿಕ್ಕಿತ್ತು. ‘ಪಿಲ್ಸೆನ್ ಅಂತ ಏನೋ ಜಾಗವಂತೆ ಸಾರ್, ಬಾಡಿಗೆ ಕಡಿಮೆಯಂತೆ. ಹುಡುಗನಿಗೆ ಚಿಕ್ಕಂದಿನಿಂದ ವೀಜಿಂಗು ಬೇರೆ. ಪರವಾಗಿಲ್ವಾ?’ ಪರವಾಗಿಲ್ಲ, ಸ್ಥಾವರ ಮುಚ್ಚಿ ಹತ್ತು ವರ್ಷದ ಮೇಲಾಯಿತು ಎಂದೆ. ಟ್ರಕ್ಕು ಓಡಾಡುವ ರಸ್ತೆಗೆ ಕಿಟಕಿ ತೆರೆಯುವ ಮನೆ ಬೇಡ, ಒಂದೆರಡು ಬೀದಿ ಒಳಗಿರಲಿ. ಇನ್‌ಹೇಲರ್‌ನ ಚೀಟಿಯನ್ನು ಇಂಗ್ಲಿಷಿನಲ್ಲಿ ಬರೆಸಿ ತರಲಿ. ‘ಏರ್‌ನೌ’ ಜಾಲತಾಣದಲ್ಲಿ ದಿನದ ವಾಯು ಸೂಚ್ಯಂಕ ನೋಡುವ ಅಭ್ಯಾಸ ಮಾಡಿಕೊಳ್ಳಲಿ ಎಂದೂ ಸೇರಿಸಿದೆ. 2023ರ ಜೂನ್ 27ರಂದು ಕೆನಡಾದ ಕಾಳ್ಗಿಚ್ಚಿನ ಹೊಗೆಯಿಂದ ಪ್ರಪಂಚದ ಪ್ರಮುಖ ನಗರಗಳಲ್ಲೇ ಅತಿ ಕೆಟ್ಟ ಗಾಳಿ ಚಿಕಾಗೋದ್ದಾಗಿತ್ತು. ಆ ದಿನ ನೇಪರ್‌ವಿಲ್ ಎಂದೂ ಪಿಲ್ಸೆನ್ ಎಂದೂ ಭೇದವಿರಲಿಲ್ಲ; ಆದರೆ ಮನೆಯಿಂದಲೇ ಕೆಲಸ ಮಾಡಬಲ್ಲವರಿಗೂ ಟ್ರಕ್ಕಿಗೆ ಸರಕು ತುಂಬುವವರಿಗೂ ಇತ್ತು.

ಉಡುಪಿ ಕಡೆಯ ಓದುಗರಿಗೆ ಇದರಲ್ಲಿ ಹೊಸದು ಕಡಿಮೆ. ಯಲ್ಲೂರಿನ ಉಷ್ಣ ವಿದ್ಯುತ್ ಸ್ಥಾವರದ ಬೂದಿಯ ವಿರುದ್ಧ ನಂದಿಕೂರಿನ ಜನಜಾಗೃತಿ ಸಮಿತಿ ವರ್ಷಗಟ್ಟಲೆ ಕಾನೂನು ಹೋರಾಟ ನಡೆಸಿತು. 2022ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಪರಿಹಾರಕ್ಕೆ ಆದೇಶಿಸಿತು. ಆ ಸೀಮೆಯಿಂದ ಇಲ್ಲಿಗೆ ಬಂದವರು ನಮ್ಮಲ್ಲಿದ್ದಾರೆ. ಲಿಟಲ್ ವಿಲೇಜ್‌ನ ತಾಯಂದಿರ ಮಾತು ಅವರಿಗೆ ದುಭಾಷಿಯಿಲ್ಲದೆ ಅರ್ಥವಾಗಬೇಕು. ಆದರೆ ನಾವು ಅನಿವಾಸಿಗಳು ಸಾಮಾನ್ಯವಾಗಿ ಇಂಥ ಸಭೆಗಳಿಂದ ದೂರ. ವೀಸಾ ಇರುವವರೆಗೆ ಭಯ, ಪೌರತ್ವ ಬಂದ ಮೇಲೆ ಬಿಡುವಿಲ್ಲ.

ಭಯ ಎಂಬ ಪದ ಈಗ ಹಗುರವಾಗಿ ಬಳಸುವಂಥದಲ್ಲ. 2025ರ ಶರತ್ಕಾಲದಲ್ಲಿ ಕೇಂದ್ರದ ವಲಸೆ ಅಧಿಕಾರಿಗಳು ಚಿಕಾಗೋದಲ್ಲಿ ನಡೆಸಿದ ಕಾರ್ಯಾಚರಣೆಯ ಬಿಸಿ ಹೆಚ್ಚಾಗಿ ತಟ್ಟಿದ ಜಾಗಗಳಲ್ಲಿ ಲಿಟಲ್ ವಿಲೇಜ್ ಒಂದು. 26ನೇ ಬೀದಿಯ ಅಂಗಡಿಗಳು ಗಿರಾಕಿಗಳಿಲ್ಲದೆ ಬಣಗುಟ್ಟಿದವು. ಜನ ಮನೆಯಿಂದ ಹೊರಬರಲಿಲ್ಲ, ಬಾಗಿಲು ತಟ್ಟಿದರೆ ತೆರೆಯಲಿಲ್ಲ. ವಲಸೆ ಕಾನೂನಿನ ಬಗೆಗೆ ಓದುಗರ ಅಭಿಪ್ರಾಯ ಏನೇ ಇರಲಿ. ನಾನು ನೋಡುವುದು ಆರೋಗ್ಯದ ಕಡೆಯಿಂದ. ಬಾಗಿಲು ತಟ್ಟಿಯೇ ಕಟ್ಟಿದ ಸಂಘಟನೆ ಅದು. 1995ರಲ್ಲಿ ಆ ಬೀದಿಯ ಮುದುಕರನ್ನು ಉಳಿಸಿದ್ದು ತೆರೆದ ಅಂಗಡಿ, ಗಿಜಿಗುಡುವ ಬೀದಿ, ನೆರೆಯವರು ತಟ್ಟಿದಾಗ ತೆರೆಯುವ ಬಾಗಿಲು. ಉಬ್ಬಸ ಜಾಸ್ತಿಯಾದರೂ ಆಸ್ಪತ್ರೆಗೆ ಬರಲು ಹಿಂಜರಿದವರನ್ನು, ಮಕ್ಕಳು ಬಲವಂತ ಮಾಡಿ ಕರೆತಂದ ಮೇಲೆ, ಆ ತಿಂಗಳುಗಳಲ್ಲಿ ನಾನು ನೋಡಿದೆ. ಅವರೊಡನೆ ನಾನು ಮಾತ್ರೆ, ಇನ್‌ಹೇಲರ್‌ಗಳ ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳಲಾರಂಭಿಸಿದ್ದೇನೆ: ಸೆಕೆಯ ದಿನ ನಿಮ್ಮ ಬಾಗಿಲು ತಟ್ಟುವವರು ಯಾರು, ಅವರ ಫೋನ್ ನಂಬರ್ ಏನು? ಅದನ್ನು ಅವರ ಕಡತದಲ್ಲಿ ವಿಳಾಸದ ಕೆಳಗೆ ಬರೆದಿಡುತ್ತೇನೆ.